ಡಿಕ್ರಿಯ ಅಮಲ್ಜಾರಿ: ಭಾರತದ ಸಿವಿಲ್ ನ್ಯಾಯಾಲಯಗಳಲ್ಲಿ ವಾಣಿಜ್ಯ ಋಣದ ವಸೂಲಿ

ವರ್ತಕನೊಬ್ಬನು ಬಾಕಿಯ ಹಣಕ್ಕಾಗಿ ದಾವೆ ಹೂಡಿ ಗೆದ್ದನೆಂದರೆ ಅವನ ಕೈಗೆ ಬರುವುದು ಹಣವಲ್ಲ, ಡಿಕ್ರಿಯ ನಕಲು. ಆ ಕಾಗದವು ಹಣವಾಗಬೇಕಾದರೆ ಅಮಲ್ಜಾರಿ ಎಂಬ ಇನ್ನೊಂದು ವ್ಯವಹಾರವು ಮೊದಲಾಗಬೇಕು. ಭಾರತದಲ್ಲಿ ಕಕ್ಷಿಗಾರನ ಕಷ್ಟಗಳು ಡಿಕ್ರಿ ದೊರೆತ ಮೇಲೆಯೇ ಆರಂಭವಾಗುತ್ತವೆಂದು ಲಂಡನ್ನಿನ ಪ್ರಿವಿ ಕೌನ್ಸಿಲು ದರ್ಭಂಗಾ ಜಮೀನುದಾರಿಯ ವ್ಯಾಜ್ಯವೊಂದರಲ್ಲಿ 1872ರಷ್ಟು ಹಿಂದೆಯೇ ಅಭಿಪ್ರಾಯಪಟ್ಟಿತ್ತು. ನಮ್ಮ ನ್ಯಾಯಾಧೀಶರು ಆ ಮಾತನ್ನು ಇಂದಿಗೂ ಸ್ಮರಿಸುತ್ತಿರುವುದು ಯೋಚಿಸತಕ್ಕ ಸಂಗತಿ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಇಪ್ಪತ್ತೊಂದನೆಯ ಆದೇಶದಲ್ಲಿ ಈ ವ್ಯವಹಾರದ ಕ್ರಮವು ನೂರಕ್ಕೂ ಮಿಕ್ಕ ನಿಯಮಗಳಲ್ಲಿ ನಿರೂಪಿತವಾಗಿದೆ. ಡಿಕ್ರಿದಾರನು 12 ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಸ್ವತ್ತು ಜಪ್ತಿಯಾಗಿ ಹರಾಜಿಗೆ ಬರುತ್ತದೆ. ಸ್ಥಿರಾಸ್ತಿಯನ್ನು ಕೊಂಡವನು ಬೆಲೆಯ ಕಾಲುಭಾಗವನ್ನು ಕೂಡಲೇ, ಉಳಿದುದನ್ನು 15 ದಿನಗಳೊಳಗೆ ಕಟ್ಟಬೇಕು. ಆದರೂ ಸಾಲಗಾರನು 60 ದಿನಗಳೊಳಗೆ ಬಾಕಿಯನ್ನೂ ಕೊಂಡವನಿಗೆ ಶೇಕಡ 5ರಷ್ಟನ್ನೂ ಕಟ್ಟಿದರೆ ಆ ಹರಾಜನ್ನು ರದ್ದುಗೊಳಿಸಿಕೊಳ್ಳಬಹುದು. ಇಷ್ಟರಲ್ಲಿ ಸಾಲಗಾರನ ಹೆಂಡತಿಯೋ ಸಹೋದರನೋ ಸ್ವತ್ತು ತಮ್ಮದೆಂದು ತಕರಾರು ತಂದರೆ ಅದನ್ನೂ ನ್ಯಾಯಾಲಯವು ವಿಚಾರಿಸಿ ತೀರ್ಮಾನಿಸಬೇಕು. ವರ್ಷಗಳು ಕಳೆದುಹೋಗುವುದು ಬಹುಮಟ್ಟಿಗೆ ಇಲ್ಲಿಯೇ.

ಸಾಲಗಾರನಿಗೆ ಇಷ್ಟೊಂದು ರಕ್ಷಣೆ ಏಕೆಂಬ ಪ್ರಶ್ನೆಗೆ ಇತಿಹಾಸವು ಉತ್ತರ ಹೇಳುತ್ತದೆ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ದಂಗೆಯೆದ್ದರು. ದಂಗೆಕೋರರು ಮುಖ್ಯವಾಗಿ ಬಯಸಿದುದು ಸಾಲಪತ್ರಗಳನ್ನೂ ಡಿಕ್ರಿಗಳನ್ನೂ ಕಸಿದು ಸುಡುವುದನ್ನು. ನ್ಯಾಯಾಲಯದ ಮುದ್ರೆಯುಳ್ಳ ಕಾಗದವೇ ಅವರ ಪಾಲಿಗೆ ಶತ್ರುವಾಗಿತ್ತು. ಇದರ ಫಲವಾಗಿ ಬಂದ 1879ರ ದಖನ್ ಕೃಷಿಕರ ಪರಿಹಾರ ಕಾಯಿದೆಯು ಹಣದ ಡಿಕ್ರಿಗಾಗಿ ಕೃಷಿಕನನ್ನು ಸೆರೆಯಲ್ಲಿಡುವುದನ್ನು ನಿಲ್ಲಿಸಿತು. 1908ರ ಸಂಹಿತೆಯ 60ನೆಯ ಕಲಮು ಕೂಡ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆಯ ಧಾನ್ಯ ಇವುಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ.

ಸಿವಿಲ್ ಸೆರೆಮನೆಯಂತೂ ಸಂಪೂರ್ಣವಾಗಿ ಹೋಗಲಿಲ್ಲ. 5,000 ರೂಪಾಯಿಗೆ ಮೀರಿದ ಡಿಕ್ರಿಗೆ ಗರಿಷ್ಠ 3 ತಿಂಗಳು ಸೆರೆಯುಂಟು. ಸೆರೆಯಾಳಿನ ಅನ್ನದ ಖರ್ಚು ಮಾತ್ರ ಡಿಕ್ರಿದಾರನದು! 1980ರಲ್ಲಿ ಕೊಚ್ಚಿನ್ ಬ್ಯಾಂಕಿನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ಬರಿಯ ಬಡತನವು ಸೆರೆಗೆ ಕಾರಣವಾಗದು, ಕೊಡಬಲ್ಲವನು ದುರುದ್ದೇಶದಿಂದ ಕೊಡದಿದ್ದುದು ಸಿದ್ಧವಾಗಬೇಕು ಎಂದು ನಿರ್ಣಯಿಸಿದರು.

ವಿಳಂಬಕ್ಕೆ ಈ ರಕ್ಷಣೆಗಳೇ ಮೂಲವೆಂಬ ವರ್ತಕರ ದೂರನ್ನು ನಾವು ಒಪ್ಪಲಾರೆವು. ಎತ್ತು ನೇಗಿಲುಗಳನ್ನು ಬಿಟ್ಟುಕೊಟ್ಟುದರಿಂದ ಯಾವ ದೊಡ್ಡ ಅಂಗಡಿಯೂ ಮುಳುಗಿಲ್ಲ. ನಿಜವಾದ ತೊಡಕೆಂದರೆ, ಸಾಲಗಾರನ ಆಸ್ತಿ ಎಲ್ಲಿದೆಯೆಂದು ಹುಡುಕಿಕೊಡುವ ಭಾರವು ಡಿಕ್ರಿದಾರನ ಮೇಲೆಯೇ ಬಿದ್ದಿರುವುದು. 1976ರ ತಿದ್ದುಪಡಿಯು ಇದಕ್ಕೊಂದು ಮದ್ದನ್ನು ಸೂಚಿಸಿತು: ಹಣದ ಡಿಕ್ರಿಯು 30 ದಿನ ತೀರದೆ ಉಳಿದರೆ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸುವಂತೆ ನ್ಯಾಯಾಲಯವು ಸಾಲಗಾರನಿಗೆ ಆಜ್ಞಾಪಿಸಬಹುದು. ಆದರೆ 'ಆಜ್ಞಾಪಿಸಬಹುದು' ಎಂದಿದೆಯೇ ಹೊರತು 'ಆಜ್ಞಾಪಿಸತಕ್ಕದ್ದು' ಎಂದಿಲ್ಲ.

ಸರ್ಕಾರವು ಹಳೆಯ ದಾರಿಯನ್ನು ದುರಸ್ತಿಮಾಡುವುದಕ್ಕಿಂತ ಮಗ್ಗುಲಲ್ಲಿ ಹೊಸ ದಾರಿಗಳನ್ನು ತೆರೆಯಿತು. ಬ್ಯಾಂಕುಗಳಿಗೆ 1993ರಲ್ಲಿ ಋಣ ವಸೂಲಾತಿಯ ಪ್ರತ್ಯೇಕ ನ್ಯಾಯಮಂಡಳಿಗಳು ದೊರೆತವು. 2002ರ ಕಾಯಿದೆಯ ಪ್ರಕಾರ 60 ದಿನಗಳ ನೋಟೀಸು ಕೊಟ್ಟು, ದಾವೆಯಿಲ್ಲದೆಯೇ ಆಧಾರದ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಬಂದಿತು. ಅಲ್ಲಿಯೂ ಕೃಷಿಭೂಮಿಗೆ ವಿನಾಯಿತಿಯುಂಟೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆದರೆ ನೂಲು, ಬೆಲ್ಲ, ಬಿಡಿಭಾಗಗಳನ್ನು ಕಡವಾಗಿ ಮಾರಿದ ಸಣ್ಣ ವರ್ತಕನಿಗೆ ಈ ದಾರಿಗಳಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ವಿಚಾರಣೆಯನ್ನು ತ್ವರೆಗೊಳಿಸಲೆತ್ನಿಸಿದರೂ, ತೀರ್ಪಾದ ಬಳಿಕ ಅವನು ಹಿಂತಿರುಗಬೇಕಾದುದು ಇಪ್ಪತ್ತೊಂದನೆಯ ಆದೇಶಕ್ಕೇ.

ಬೆಂಗಳೂರಿನ ಭೂವ್ಯಾಜ್ಯವೊಂದರ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಅಮಲ್ಜಾರಿ ಅರ್ಜಿಗಳು 6 ತಿಂಗಳೊಳಗೆ ತೀರ್ಮಾನವಾಗಬೇಕೆಂದೂ, ತಡವಾದರೆ ಕಾರಣವನ್ನು ಬರೆದಿಡಬೇಕೆಂದೂ ವಿಧಿಸಿತು. ಅದೇ ನ್ಯಾಯಾಲಯವು 2025ರಲ್ಲಿ ದೇಶದಾದ್ಯಂತ ಲೆಕ್ಕ ತರಿಸಿದಾಗ ಬಾಕಿಯುಳಿದಿದ್ದ ಅರ್ಜಿಗಳು 8 ಲಕ್ಷ 80 ಸಾವಿರಕ್ಕೂ ಹೆಚ್ಚಾಗಿದ್ದವು.