ಕಡೆದು ಮಾಡಿದ ಗುಬ್ಬಿಯ ಮನೆ



ಕನ್ನಡದಲ್ಲಿ ‘ಕಡೆ’ ಎಂಬುದೊಂದು ಕ್ರಿಯಾಪದವುಂಟು. ನಾವು ಮೊಸರನ್ನು ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಎಳೆಯುವಂತೆಯೇ ಹಿಂದಿನ ಕಾಲದ ಕುಶಲಿಯು ಮರದ ತುಂಡಿಗೆ ಬಿಲ್ಲಿನ ಹೆದೆಯನ್ನು ಸುತ್ತಿ ತಿರುಗಿಸಿ, ತಿರುಗುವ ಮರಕ್ಕೆ ಉಳಿಯನ್ನು ಒಡ್ಡುತ್ತಿದ್ದನು. ಎರಡು ಕೆಲಸಗಳಿಗೂ ಒಂದೇ ಮಾತು ಸಂದಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಹೊಯ್ಸಳರ ಗುಡಿಗಳಲ್ಲಿ, 1117ರ ಬೇಲೂರಿನ ದೇವಾಲಯವೇ ಮೊದಲಾದ ಕಡೆಗಳಲ್ಲಿ, ಕಲ್ಲಿನ ಕಂಬಗಳೂ ಹೀಗೆಯೇ ತಿರುಗಿ ಹೊಳಪುಪಡೆದವು. ಇಂದು ಹಗ್ಗದ ಸ್ಥಾನಕ್ಕೆ ವಿದ್ಯುಚ್ಛಕ್ತಿ ಬಂದಿದೆ. ಯಂತ್ರವನ್ನು ಲೇತು ಎನ್ನುತ್ತೇವೆ. ತತ್ತ್ವ ಮಾತ್ರ ಬದಲಾಗಿಲ್ಲ.

ಈ ವಿದ್ಯೆಯನ್ನು ಕಣ್ಣಾರೆ ಕಾಣಬೇಕೆಂಬವರು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿ ಆಲೆಮರದ ಬಿಳಿಯ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆಯ ಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು ಬರುತ್ತದೆ.

ಈ ಹೊಳಪಿಗೆ ಮರುಳಾಗಿಯೇ ನಾವು ಒಂದು ತಪ್ಪನ್ನು ಮಾಡಿದೆವು. ಅದನ್ನು ಮುಚ್ಚಿಡದೆ ಹೇಳುವುದು ಉಚಿತ.

ನಾವಿರುವುದು ಜಯನಗರದಲ್ಲಿ. 1948ರಲ್ಲಿ ರೂಪುಗೊಂಡ ಈ ಬಡಾವಣೆಯಲ್ಲಿ ಮೊದಮೊದಲು ಹೆಂಚಿನ ಮಾಡಿನ ಮನೆಗಳೂ ಇದ್ದವು. ಹೆಂಚಿಗೂ ತೊಲೆಗೂ ನಡುವಣ ಸಂದು, ಗೋಡೆಯ ಗವಾಕ್ಷಿ, ಪಟದ ಹಿಂದಿನ ಎಡೆ, ಇವೆಲ್ಲವೂ ಗುಬ್ಬಚ್ಚಿಗೆ ಬಾಡಿಗೆಯಿಲ್ಲದ ಮನೆಗಳಾಗಿದ್ದವು. ಈಗ ಅವುಗಳ ಜಾಗದಲ್ಲಿ ಸಂದಿಲ್ಲದ ಗಾರೆಯ ಗೋಡೆಗಳೂ ಗಾಜಿನ ಕಿಟಕಿಗಳೂ ಎದ್ದಿವೆ. ಭಾರತದ ಪಕ್ಷಿಗಳ ಸ್ಥಿತಿಯನ್ನು ಕುರಿತ 2020ರ ವರದಿಯ ಪ್ರಕಾರ, ಇಡೀ ದೇಶವನ್ನು ಗಣಿಸಿದರೆ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಮೆ ಸ್ಥಿರವಾಗಿದೆ. ಆದರೆ ಬೆಂಗಳೂರೇ ಮೊದಲಾದ ಮಹಾನಗರಗಳಲ್ಲಿ ಕ್ಷೀಣಿಸಿದೆ. ಅಂದರೆ ಗುಬ್ಬಚ್ಚಿಯು ದೇಶವನ್ನು ಬಿಟ್ಟಿಲ್ಲ. ನಮ್ಮ ಮನೆಗಳನ್ನು ಬಿಟ್ಟಿದೆ.

ಹೀಗಿರುವಾಗ ಒಂದು ಜೋಡಿ ನಮ್ಮ ಮಹಡಿಯ ಮೊಗಸಾಲೆಗೆ ಬಂದು ಹೋಗತೊಡಗಿತು. ಹಿಗ್ಗಿದ ನಾವು ಲೇತಿನಲ್ಲಿ ತೆಳ್ಳಗೆ ಕಡೆದು, ಒಳಗೂ ಹೊರಗೂ ನುಣುಪುಮಾಡಿ, ಕೆಂಪು ಅರಗು ಬಳಿದ ಗೂಡೊಂದನ್ನು ಪಶ್ಚಿಮದ ಗೋಡೆಗೆ ತೂಗಹಾಕಿದೆವು. ಪಕ್ಷಿಗಳು ಒಪ್ಪಿದವು, ಮೊಟ್ಟೆಯಿಟ್ಟವು, ಮರಿಗಳ ಚಿಲಿಪಿಲಿ ಕೇಳಿಸಿತು. ಏಪ್ರಿಲ್ ತಿಂಗಳ ಒಂದು ಸಂಜೆ ಆ ಸದ್ದು ನಿಂತಿತು. ಮುಚ್ಚಳವನ್ನು ತೆಗೆದು ನೋಡಿದರೆ ಮೂರು ಮರಿಗಳೂ ಬಿಸಿಲಿನ ಬೇಗೆಗೆ ಸತ್ತಿದ್ದವು. ತಾಯಿಯು ಬಾಯಲ್ಲಿ ಹುಳುವನ್ನಿಟ್ಟುಕೊಂಡು ಇನ್ನೂ ದ್ವಾರದ ಬಳಿಗೆ ಬರುತ್ತಿತ್ತು. ನಾವು ಕಟ್ಟಿದ್ದು ಗೂಡಲ್ಲ, ಒಲೆ ಎಂಬುದು ಆಗ ತಿಳಿಯಿತು.

ಆದುದರಿಂದ ಗುಬ್ಬಿಯ ಮನೆಯನ್ನು ಕಡೆಯತಕ್ಕವರು ಮೊದಲು ಅರಿಯಬೇಕಾದುದು ಇದು: ಕುಶಲಿಗೆ ನುಣುಪು ಗುಣ, ಮರಿಗೆ ಅದೇ ದೋಷ; ಕುಶಲಿಗೆ ತೆಳುವು ಜಾಣ್ಮೆ, ಮರಿಗೆ ಅದೇ ಅಪಾಯ. ತೆಳ್ಳನೆಯ ಗೋಡೆ ಬಿಸಿಲನ್ನು ತಡೆಯದು. ನುಣುಪಾದ ಒಳಗೋಡೆಯನ್ನು ಹಿಡಿದು ಮರಿಯು ಮೇಲೇರಲಾರದು.

ಇನ್ನು ರಚನೆಯ ವಿಚಾರ. ಇಡೀ ದಿಮ್ಮಿಯನ್ನು ಕೊರೆದು ಟೊಳ್ಳುಮಾಡಿದರೆ ಅದು ಒಣಗುವಾಗ ಸೀಳುವ ಸಂಭವವುಂಟು. ಅದಕ್ಕಿಂತ ಪೀಪಾಯಿಯ ಕ್ರಮ ಮೇಲು. ಚೆನ್ನಾಗಿ ಒಣಗಿದ ತೇಗ ಅಥವಾ ಹಲಸಿನ ಎಂಟು ಹಲಗೆಗಳನ್ನು ತೆಗೆದುಕೊಳ್ಳಬೇಕು. ಒಂದೊಂದೂ 22 ಸೆಂಟಿಮೀಟರು ಉದ್ದ, 7 ಸೆಂಟಿಮೀಟರು ಅಗಲ, ಎರಡೂವರೆ ಸೆಂಟಿಮೀಟರು ದಪ್ಪವಿರಲಿ. ಅಂಚುಗಳನ್ನು ಇಪ್ಪತ್ತೆರಡೂವರೆ ಡಿಗ್ರಿಯ ಓರೆಗೆ ಕೊಯ್ದರೆ ಎಂಟೂ ಸೇರಿ ವರ್ತುಲವಾಗುತ್ತವೆ. ಅಂಟಿಸುವ ಮುನ್ನವೇ ಒಳಮೈಗೆ ಗರಗಸದಿಂದ ಅಡ್ಡಗೀರುಗಳನ್ನು ಹಾಕಬೇಕು. ಮರಿಗಳಿಗೆ ಇವೇ ಏಣಿ. ನೀರಿಗೆ ಬಿಡದ ಅಂಟಿನಿಂದ ಜೋಡಿಸಿ, ಒಂದು ತುದಿಗೆ ತಳವನ್ನೂ ಇನ್ನೊಂದು ತುದಿಗೆ ತಾತ್ಕಾಲಿಕವಾದ ಬಿರಟೆಯನ್ನೂ ಕೂರಿಸಿ, ಅಂಟು ಪೂರ್ತಿಯಾಗಿ ಒಣಗಿದ ಮೇಲೆಯೇ ಲೇತಿಗೆ ಏರಿಸತಕ್ಕದ್ದು.

ಎಂಟು ಮೂಲೆಗಳುಳ್ಳ ವಸ್ತುವು ಮೊದಲು ಅದುರುವುದು ಸಹಜ. ಯಂತ್ರವನ್ನು ನಿಧಾನವಾಗಿ ತಿರುಗಿಸಬೇಕು. ಮುಖಕ್ಕೆ ಕವಚವಿರಲಿ; ಜೋಲಾಡುವ ಅಂಗವಸ್ತ್ರವೋ ಸೆರಗೋ ಹತ್ತಿರ ಸುಳಿಯದಿರಲಿ. ಹೊರವ್ಯಾಸವು 16 ಸೆಂಟಿಮೀಟರಿಗೆ ಇಳಿದಾಗ ನಿಲ್ಲಿಸಿದರೆ ಗೋಡೆಯು ಅತಿ ತೆಳುವಾದೆಡೆಯೂ ಸುಮಾರು ಒಂದೂವರೆ ಸೆಂಟಿಮೀಟರು ಉಳಿಯುತ್ತದೆ. ಉಳಿಯು ಒಳಗನ್ನು ಮುಟ್ಟುವುದೇ ಇಲ್ಲವಾದುದರಿಂದ ಅಲ್ಲಿಯ ಒರಟುತನ ಹಾಗೆಯೇ ಇರುತ್ತದೆ. ಮಾಡನ್ನು ಬೇರೆಯಾಗಿ ಶಂಕುವಿನಾಕಾರದಲ್ಲಿ, 22 ಸೆಂಟಿಮೀಟರು ಅಗಲಕ್ಕೆ ಕಡೆದರೆ ಮಳೆಯ ನೀರು ಗೋಡೆಗೆ ತಾಗದಂತೆ ಜಾರುವುದು. ಅದನ್ನು ಅಂಟಿಸಬಾರದು, ಬಿಚ್ಚಿ ತೊಳೆಯುವಂತಿರಬೇಕು.

ದ್ವಾರದ ವ್ಯಾಸ 32 ಮಿಲಿಮೀಟರು ಸಾಕು. ಅದು ತಳದಿಂದ ಸುಮಾರು 14 ಸೆಂಟಿಮೀಟರು ಎತ್ತರದಲ್ಲಿ, ಒಳಮುಖವಾಗಿ ತುಸು ಮೇಲಕ್ಕೆ ಓರೆಯಾಗಿರಲಿ. ಆಗ ಇರಚಲು ಒಳಕ್ಕೆ ಹರಿಯದು. ತಳದಲ್ಲಿ ನಾಲ್ಕು ಸಣ್ಣ ರಂಧ್ರಗಳು ನೀರು ಇಳಿಯುವುದಕ್ಕೆ, ಮಾಡಿನ ಅಂಚಿನ ಕೆಳಗೆ ನಾಲ್ಕು ಬಿಸಿಗಾಳಿ ಹೊರಡುವುದಕ್ಕೆ. ದ್ವಾರದ ಮುಂದೆ ಕೂರುವ ಕಡ್ಡಿಯನ್ನು ನೆಡುವ ರೂಢಿಯುಂಟು. ಗುಬ್ಬಿಗೆ ಅದು ಬೇಡ, ಕಾಗೆಗೆ ಮಾತ್ರ ಉಪಕಾರ. ಒಳಗೆ ಬಣ್ಣವೂ ಬೇಡ. ಅರಗಿನ ಹೊಳಪು ಬಿಸಿಲುಮಳೆಗಳನ್ನು ತಾಳದು. ಅದನ್ನು ಪಡಸಾಲೆಯ ಬೊಂಬೆಗೆ ಮೀಸಲಿಡೋಣ.

ತೂಗುಹಾಕುವ ಸ್ಥಳವೂ ರಚನೆಯಷ್ಟೇ ಮುಖ್ಯ. ಮೂರು ಮೀಟರು ಎತ್ತರದಲ್ಲಿ, ಉತ್ತರಕ್ಕೋ ಪೂರ್ವಕ್ಕೋ ಮುಖಮಾಡಿ, ಸೂರಿನ ನೆರಳಿನಲ್ಲಿ, ಬೆಕ್ಕು ನೆಗೆಯಲಾರದೆಡೆ ಇರಲಿ. ಮರಿಗಳ ಆಹಾರ ಬಹುಮಟ್ಟಿಗೆ ಹುಳುಹುಪ್ಪಟೆ. ಕೀಟನಾಶಕವನ್ನು ಸಿಂಪಡಿಸಿದ ತೋಟದ ಬಳಿ ಎಷ್ಟು ಸೊಗಸಾದ ಗೂಡಿದ್ದರೂ ವ್ಯರ್ಥ.

ಇದೇ ಕ್ರಮದಲ್ಲಿ ನಾವು ಎರಡನೆಯ ಗೂಡನ್ನು ಕಡೆದು ಪೂರ್ವದ ಸೂರಿನಡಿ ತೂಗಿದೆವು. ನೋಡುವವರಿಗೆ ಅದು ಅಷ್ಟೇನೂ ಅಂದವಾಗಿಲ್ಲ. ಮರದ ಬಣ್ಣ ಮಳೆಗೆ ಬೂದಿಯಾಗಿದೆ. ಮೊದಲ ವರ್ಷ ಅದು ಬರಿದಾಗಿಯೇ ಇತ್ತು. ಎರಡನೆಯ ವರ್ಷ ಹುಲ್ಲುಕಡ್ಡಿಗಳು ಬಂದವು. ಮೊಟ್ಟೆ ಒಡೆಯುವುದಕ್ಕೆ ಸುಮಾರು ಹನ್ನೆರಡು ದಿನ, ರೆಕ್ಕೆ ಬಲಿಯುವುದಕ್ಕೆ ಸುಮಾರು ಹದಿನೈದು ದಿನ. ಅಷ್ಟು ದಿನವೂ ನಾವು ಮಧ್ಯಾಹ್ನದ ಹೊತ್ತಿನಲ್ಲಿ ಗೋಡೆಗೆ ಕೈಯಿಟ್ಟು ಕಾವನ್ನು ನೋಡುತ್ತಿದ್ದೆವು. ಒಂದು ಬೆಳಗ್ಗೆ ಗೂಡು ನಿಃಶಬ್ದವಾಗಿತ್ತು. ಅಂಜುತ್ತಲೇ ಮಾಡನ್ನು ಬಿಚ್ಚಿ ನೋಡಿದೆವು. ಒಳಗೆ ಹುಲ್ಲು, ಎರಡು ಗರಿ, ಗೀರುಗಳ ಮೇಲೆ ಉಗುರಿನ ಗುರುತುಗಳು, ಮರಿಗಳು ಹಾರಿಹೋಗಿದ್ದವು.