ಹಳೆ ಮರ ಮಾರಿದ್ದು: ರೂ. 11,500

ಲೆಕ್ಕ ಬರೆಯುವವರಿಗೆ ಒಂದು ದುರಭ್ಯಾಸ ಉಂಟು. ಯಾರ ರೂಮಿಗೆ ಹೋದರೂ ಮೊದಲು ಕಾಗದ ನೋಡುತ್ತೇವೆ, ಮನುಷ್ಯರನ್ನು ಆಮೇಲೆ. ಕಳೆದ ತಿಂಗಳು ಒಂದು ಶುಕ್ರವಾರ ನಾನು ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿಗೆ ಹೋದದ್ದೂ ಕಾಗದ ನೋಡಲಿಕ್ಕೇ. ನಮ್ಮ ಕಾರ್ಕಳ ಕಡೆಯ ಆಚಾರ್ರೊಬ್ಬರು ಹನ್ನೊಂದು ವರ್ಷ ಇಲ್ಲಿ ದುಡಿದು ಮಾರ್ಚ್‌ನಲ್ಲಿ ಊರಿಗೆ ಹೊರಟಿದ್ದಾರೆ. "ಗ್ರಾಚ್ಯುಟಿ ಎಷ್ಟು ಬರಬೇಕು ಅಂತ ಒಮ್ಮೆ ನೋಡಿ ಕೊಡಿ ಮಾರಾಯ್ರೆ, ನನಗೆ ಅದರ ತಲೆಬುಡ ಗೊತ್ತಾಗುದಿಲ್ಲ" ಎಂದು ಫೋನ್ ಮಾಡಿದ್ದರು.

ಲೆಕ್ಕ ಕಷ್ಟದ್ದೇನಲ್ಲ. ಕತಾರಿನ 2004ರ 14ನೇ ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ಸಿಗಬೇಕು. ಇವರ ಬೇಸಿಕ್ 1,300 ರಿಯಾಲ್. ಮೂವತ್ತರಿಂದ ಭಾಗಿಸಿ ಇಪ್ಪತ್ತೊಂದರಿಂದ ಗುಣಿಸಿದರೆ ವರ್ಷಕ್ಕೆ 910, ಹನ್ನೊಂದು ವರ್ಷಕ್ಕೆ 10,010 ರಿಯಾಲ್. ಓದುಗರು ತಮ್ಮದನ್ನೂ ಹೀಗೇ ನೋಡಿಕೊಳ್ಳಬಹುದು. ಲೆಕ್ಕ ಹಾಕುವುದು ಬೇಸಿಕ್ ಮೇಲೆ, ಒಟ್ಟು ಸಂಬಳದ ಮೇಲೆ ಅಲ್ಲ ಎಂಬುದು ನೆನಪಿರಲಿ.

ಕಾಂಟ್ರ್ಯಾಕ್ಟ್ ಕಾಗದ ತೆಗೆಯಲಿಕ್ಕೆ ಆಚಾರ್ರು ಕಬ್ಬಿಣದ ಲಾಕರ್ ತೆರೆದರು. ಮೇಲಿನ ಅರೆಯಲ್ಲಿ, ಮಡಚಿದ ಲುಂಗಿಯ ಮೇಲೆ, ಒಂದು ಗೇಣು ಎತ್ತರದ ಇಗರ್ಜಿ ಕೂತಿತ್ತು.

ಮರದ್ದು. ಬಿಳಿ ಗೋಡೆ, ನೀಲಿ ಅಂಚು, ಮಂಗಳೂರು ಹಂಚಿನ ಕೆಂಪು ಮಾಡು, ಎದುರಿಗೆ ಐದು ಮೆಟ್ಟಲು. ಬಾಗಿಲಿಗೆ ಸೂಜಿಯಷ್ಟು ತೆಳ್ಳಗಿನ ತಂತಿಯ ತಿರುಗಣೆ. ಆಚಾರ್ರು ಉಗುರಿನಿಂದ ಬಾಗಿಲು ತೆರೆದು ಮೊಬೈಲ್ ಲೈಟ್ ಹಾಕಿದರು. ಒಳಗೆ ಪೂರಾ ಆಲ್ತಾರ್ ಉಂಟು! ಹಗ್ಗದ ಹಾಗೆ ತಿರುಚಿದ ಎರಡು ಕಂಬ, ಕಂಬಕ್ಕೆ ಸುತ್ತಿದ ದ್ರಾಕ್ಷಿ ಬಳ್ಳಿ, ನಡುವೆ ಚಿಪ್ಪಿನ ಆಕಾರದ ಗೂಡು, ಎರಡು ಬದಿಗೆ ಬೆರಳುಗುರಿನಷ್ಟು ದೊಡ್ಡ ಇಬ್ಬರು ದೇವದೂತರು. ಅವರ ಮುಖ ಚಿತ್ರಪಟದ ವಿದೇಶಿ ದೇವದೂತರ ಹಾಗಿಲ್ಲ. ನಮ್ಮೂರ ಶಾಲೆಯ ಹುಡುಗರ ಹಾಗೆ ದುಂಡು ಕೆನ್ನೆ, ಗುಂಗುರು ಕೂದಲು.

ನನಗೆ ಗುರುತು ಹತ್ತಿತು. "ಆಚಾರ್ರೇ, ಇದು ನಮ್ಮ ಗುಡ್ಡೆಯ ಮೇಲಿನ ಚಾಪೆಲ್ ಅಲ್ವಾ?"

"ಹೌದು. ಹಳೇದು," ಅಂದರು. ಅಷ್ಟೇ ಅಂದು ಕಾಗದ ನನ್ನ ಕೈಗೆ ಕೊಟ್ಟರು.

ಪ್ಯಾಲೆಟ್ ಮರದ ಇಗರ್ಜಿ

ಆಚಾರ್ರ ವೀಸಾದಲ್ಲಿ ಬರೆದಿರುವುದು 'ಶಟರಿಂಗ್ ಕಾರ್ಪೆಂಟರ್'. ಕಾಂಕ್ರೀಟ್ ಸುರಿಯಲು ಪ್ಲೈವುಡ್ ಪೆಟ್ಟಿಗೆ ಹೊಡೆಯುವುದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದನ್ನು ಕಿತ್ತು ಹಾಕುವುದು. ಅಜ್ಜನ ಕಾಲದಿಂದ ದೇವಸ್ಥಾನದ ಬಾಗಿಲು, ದೈವದ ಉಯ್ಯಾಲೆ, ಇಗರ್ಜಿಯ ಆಲ್ತಾರ್ ಕೆತ್ತಿದ ಮನೆತನ ಅವರದ್ದು. ಇಲ್ಲಿ ಹನ್ನೊಂದು ವರ್ಷ ಅವರು ಮಾಡಿದ್ದೆಲ್ಲ ಕಿತ್ತು ಎಸೆಯುವ ಕೆಲಸ.

ಬಂಟ್ವಾಳ ಕಡೆಯ ರೂಮ್‌ಮೇಟ್ ಒಬ್ಬರು ಕ್ರಿಸ್‌ಮಸ್ ಗೋದಲಿಗೆ ಒಂದು ಸಣ್ಣ ಇಗರ್ಜಿ ಮಾಡಿ ಕೊಡಿ ಅಂದದ್ದೇ ಶುರು. ಆಮೇಲೆ ಊರಿಗೆ ಹೋಗುವ ಕ್ರಿಶ್ಚನ್ ಹುಡುಗರು ಒಬ್ಬೊಬ್ಬರಾಗಿ ತಮ್ಮ ಊರಿನ ಇಗರ್ಜಿಯ ಫೋಟೋ ತಂದು ಕೊಡತೊಡಗಿದರು. ಶುಕ್ರವಾರಗಳಲ್ಲಿ ಕೂತು ಇದುವರೆಗೆ ಹದಿನಾಲ್ಕು ಮಾಡಿದ್ದಾರೆ. ಲಾಕರ್‌ನಲ್ಲಿದ್ದದ್ದು ಹದಿನೈದನೆಯದು. ಯಾರೂ ಕೇಳದೆ, ಫೋಟೋ ಇಲ್ಲದೆ, ನೆನಪಿನಿಂದ ಮಾಡಿದ್ದು.

ಸೈಟಿನಲ್ಲಿ ಬಿಸಾಡಿದ ಪ್ಯಾಲೆಟ್‌ನ ಹಲಗೆ ಅವರ ಮರ. ಅದರಲ್ಲೂ 'ಎಚ್‌ಟಿ' ಮುದ್ರೆ ಇದ್ದದ್ದು ಮಾತ್ರ. ಅಂದರೆ ಹುಳ ಸಾಯಲು ಬಿಸಿ ಮಾಡಿದ ಮರ. 'ಎಂಬಿ' ಎಂದಿದ್ದರೆ ವಿಷದ ಗ್ಯಾಸ್ ಹೊಡೆದದ್ದು, ಕೆತ್ತಿದರೆ ಧೂಳು ಮೂಗಿಗೆ ಹೋಗುತ್ತದೆ, ಮುಟ್ಟಬಾರದು. ಕ್ಯಾಂಪಿನಲ್ಲಿ ಪ್ಯಾಲೆಟ್ ಒಡೆದು ಶೆಲ್ಫು ಮಾಡುವ ಹುಡುಗರು ಇದನ್ನು ಗಮನಿಸಬೇಕು.

"ಮರಕ್ಕೆ ನೇರ ಬಣ್ಣ ಬಳಿಯೂದಲ್ಲ ಮಾರಾಯ್ರೆ," ಎಂದು ಆಚಾರ್ರು ವಿವರಿಸಿದರು. ಹಳೆಯ ಇಗರ್ಜಿಗಳಲ್ಲಿ ಮೊದಲು ಹಲಸು ಅಥವಾ ಸಾಗುವಾನಿಯನ್ನು ವರ್ಷಗಟ್ಟಲೆ ಒಣಗಿಸುತ್ತಿದ್ದರು. ದೊಡ್ಡ ಮೂರ್ತಿಯಾದರೆ ಬಿರುಕು ಬಿಡದಿರಲಿ ಎಂದು ಬೆನ್ನಿನ ಕಡೆ ಟೊಳ್ಳು ತೆಗೆಯುತ್ತಿದ್ದರು. ಚರ್ಮ ಕುದಿಸಿದ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಪದರ ಪದರವಾಗಿ ಹಚ್ಚಿ, ಒಣಗಿದ ಮೇಲೆ ಉಜ್ಜಿ ಮೊಟ್ಟೆಯ ಚಿಪ್ಪಿನಷ್ಟು ನುಣುಪು ಮಾಡುತ್ತಿದ್ದರು. ಚಿನ್ನ ಬರುವ ಜಾಗಕ್ಕೆ ನುಣ್ಣಗಿನ ಕೆಮ್ಮಣ್ಣು, ಅದರ ಮೇಲೆ ಚಿನ್ನದ ರೇಕು, ಅದನ್ನು ನಯವಾದ ಕಲ್ಲಿನಿಂದ ತೀಡಿ ಹೊಳಪು. ಮುಖ ಮತ್ತು ಕೈಗೆ ಎಣ್ಣೆ ಬಣ್ಣ ಕೊನೆಗೆ. ಇಲ್ಲಿ ಆಚಾರ್ರಿಗೆ ಸಿಕ್ಕಿದ್ದು ಬಿಳಿ ಅಂಟು, ಸುಣ್ಣದ ಪುಡಿ, ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ. ಕ್ರಮ ಮಾತ್ರ ಅಪ್ಪನಿಂದ ಕಲಿತದ್ದೇ.

ಇದು ಬರೀ ಇಗರ್ಜಿಯ ವಿದ್ಯೆಯೂ ಅಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ಮೂರ್ತಿಗಳಿಗೆ ಹುಣಸೆ ಬೀಜದ ಅಂಟು ಹಚ್ಚಿ, ಅದರ ಮೇಲೆ ಹೊಳೆಯುವ ಬಣ್ಣ ಕೂರಿಸುತ್ತಾರೆ. ಸಾಮಾನು ಬೇರೆ ಬೇರೆ, ಉಪಾಯ ಒಂದೇ. ಮರ ಮತ್ತು ಬಣ್ಣದ ನಡುವೆ ಒಂದು ಹಾಸು ಬೇಕು.

ಕೆತ್ತಿದವರು ಯಾರು?

ಹಿಂದೂ ಆಚಾರ್ರು ಇಗರ್ಜಿ ಕೆಲಸ ಮಾಡುವುದೇ ಎಂದು ಬೇರೆ ಊರಿನ ಓದುಗರಿಗೆ ಆಶ್ಚರ್ಯ ಆಗಬಹುದು. ಇದು ನಾಲ್ಕೂವರೆ ಶತಮಾನದ ಹಳೆ ಮಾತು. 1567ರಲ್ಲಿ ಗೋವೆಯಲ್ಲಿ ಸೇರಿದ್ದ ಧರ್ಮಸಭೆ, ಇಗರ್ಜಿಯ ಪ್ರತಿಮೆಗಳನ್ನು ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ಮಾಡಿಸಬಾರದು ಎಂದು ತಾಕೀತು ಮಾಡಿತ್ತು. ಆಮೇಲೂ ಅದೇ ತಾಕೀತನ್ನು ಮತ್ತೆ ಮತ್ತೆ ಹೇಳಬೇಕಾಯಿತು. ಒಂದೇ ಸೂಚನೆಯನ್ನು ಪದೇ ಪದೇ ಹೊರಡಿಸಿದರೆ ಅರ್ಥ ಏನು? ಯಾರೂ ಪಾಲಿಸುತ್ತಿಲ್ಲ ಎಂದು. ನಮ್ಮ ಆಫೀಸ್ ಸರ್ಕ್ಯುಲರ್‌ಗಳ ಕತೆಯೂ ಅದೇ ಅಲ್ಲವೇ? ಒಳ್ಳೆಯ ಕೈ ಬೇಕಾದವರು ಒಳ್ಳೆಯ ಕೈ ಇದ್ದಲ್ಲಿಗೇ ಹೋದರು. ಹಳೆ ಗೋವೆಯ ಸಾಂತಾ ಮೋನಿಕಾ ಕಾನ್ವೆಂಟಿನಲ್ಲಿರುವ ಕ್ರೈಸ್ತ ಕಲಾ ಮ್ಯೂಸಿಯಂ ನೋಡಿದವರಿಗೆ ಗೊತ್ತು, ಅಲ್ಲಿಯ ಕೆತ್ತನೆಯಲ್ಲಿ ನಮ್ಮ ದೇವಸ್ಥಾನದ ಹೂವು, ಬಳ್ಳಿ, ಕಣ್ಣು ಎಲ್ಲ ಸಿಗುತ್ತವೆ.

ನಮ್ಮ ಕರಾವಳಿಯಲ್ಲಿ ಮಂಗಳೂರಿನ ರೊಸಾರಿಯೊ ಇಗರ್ಜಿ ಶುರುವಾದದ್ದು 1568ರಲ್ಲಿ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಹೆಚ್ಚಿನ ಇಗರ್ಜಿಗಳು ನಾಶವಾದವು. 1799ರ ನಂತರ ಉಳಿದು ಬಂದವರು ಮತ್ತೆ ಕಟ್ಟಿದರು. ಹಾಗಾಗಿ ನಮ್ಮಲ್ಲಿ ಹಳೆಯ ಮರದ ಆಲ್ತಾರ್ ಅಂದರೆ ಹೆಚ್ಚಾಗಿ ಆ ಮರಳಿ ಬಂದ ಕಾಲದ್ದು, ಅದರ ಮಕ್ಕಳ ಕಾಲದ್ದು. ಊರಿನ ಆಚಾರ್ರು ಕೆತ್ತಿದ್ದು, ಊರಿನ ಹಲಸು.

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಮರದ ಮೂರ್ತಿ ನೋಡಿ. ಹೊತ್ತು ತಂದವರು ದಾರಿಯಲ್ಲಿ ಕೆಳಗಿಟ್ಟಾಗ ಎತ್ತಲಿಕ್ಕೆ ಬರಲಿಲ್ಲ, ಅಲ್ಲೇ ಇಗರ್ಜಿ ಕಟ್ಟಿದರು ಎಂದು ಜನ ಹೇಳುತ್ತಾರೆ. 2016ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು. ಜನವರಿಯ ಅತ್ತೂರು ಜಾತ್ರೆಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ನಾನೂ ಅಮ್ಮನ ಕೈ ಹಿಡಿದು ಕ್ಯಾಂಡಲ್ ಹಚ್ಚಲಿಕ್ಕೆ ಹೋದವನೇ. ಜನ ಬರುವುದು ಗ್ರಾನೈಟ್ ನೋಡಲಿಕ್ಕಲ್ಲ, ಆ ಸಣ್ಣ ಮರದ ಮೂರ್ತಿಗಾಗಿ.

ನಾನು ಟಿಕ್ ಹಾಕಿದ ಸಾಲು

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

2022ರಲ್ಲಿ ನಮ್ಮ ಗುಡ್ಡೆಯ ಚಾಪೆಲ್ ಜೀರ್ಣೋದ್ಧಾರಕ್ಕೆ ದೋಹಾದಿಂದ ಹಣ ಕಳಿಸೋಣ ಎಂದು ತೀರ್ಮಾನ ಆಯಿತು. ಊರಿನವರು ಇಪ್ಪತ್ತೇಳು ಮಂದಿ, ಹಿಂದೂಗಳು, ಬ್ಯಾರಿಗಳು, ಕ್ರಿಶ್ಚನ್ನರು, ಎಲ್ಲರೂ ಕೊಟ್ಟೆವು. ಒಟ್ಟು 9,350 ರಿಯಾಲ್. ಬಿಕಾಂ ಓದಿದವನು ಎಂದು ಲೆಕ್ಕ ನನ್ನ ತಲೆಗೆ. ಆಚಾರ್ರೂ 200 ರಿಯಾಲ್ ಕೊಟ್ಟಿದ್ದರು, ಸೀರಿಯಲ್ ನಂಬರ್ 19.

ಕೆಲಸ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಫಳಫಳ ಗ್ರಾನೈಟ್, ಫೈಬರ್ ಮೂರ್ತಿಗಳು, ಎಲ್‌ಇಡಿ ಲೈಟು. ಎಲ್ಲರೂ ಚಪ್ಪಾಳೆ, ಕೈ ಮುಗಿಯುವ ಚಿತ್ರ ಹಾಕಿದೆವು. ಸಮಿತಿಯವರು ಜಮಾ-ಖರ್ಚಿನ ಪಟ್ಟಿಯನ್ನೂ ಅಚ್ಚುಕಟ್ಟಾಗಿ ಕಳಿಸಿದ್ದರು. ಜಮಾ ಬದಿಯಲ್ಲಿ ಕೊನೆಯಿಂದ ಮೂರನೇ ಸಾಲು: 'ಹಳೆ ಮರ ಮಾರಿದ್ದು – ರೂ. 11,500'. ನಾನು ಟಿಕ್ ಹಾಕಿದೆ. ಮೊತ್ತ ಸರಿ ಇತ್ತು.

ಆ ಹಳೆ ಮರ ಅಂದರೆ ಆಲ್ತಾರ್. ತಿರುಚಿದ ಕಂಬ, ದ್ರಾಕ್ಷಿ ಬಳ್ಳಿ, ದುಂಡು ಕೆನ್ನೆಯ ದೇವದೂತರು. ಹದಿನೈದನೇ ವಯಸ್ಸಿನಲ್ಲಿ ಆಚಾರ್ರು ಅಪ್ಪನ ಜೊತೆ ಕೂತು ಅದರ ಒರಲೆ ಹಿಡಿದ ಭಾಗ ತೆಗೆದು ಹೊಸ ಮರ ಸೇರಿಸಿದ್ದರು. ಮೂಲ ಕೆತ್ತಿದ್ದು ಅಪ್ಪನ ಅಜ್ಜನಂತೆ. ಇದೆಲ್ಲ ನನಗೆ ಗೊತ್ತಾದದ್ದು ಆ ಶುಕ್ರವಾರ, ಲಾಕರ್ ಎದುರು ನಿಂತು.

"ಆಗ ಯಾಕೆ ಹೇಳಲಿಲ್ಲ ಆಚಾರ್ರೇ?"

"ಎಂತ ಹೇಳೂದು? ಎಲ್ಲರೂ ಖುಷಿಯಲ್ಲಿದ್ರಿ. ನಾನು ಇನ್ನೂರು ಕೊಟ್ಟವ, ದೊಡ್ಡ ದೊಡ್ಡವರು ಐನೂರು ಕೊಟ್ಟಿದ್ರು."

ಸಮಿತಿಯವರನ್ನು ಬೈಯಲಿಕ್ಕೆ ನನಗೆ ಮನಸ್ಸಿಲ್ಲ. ಮಾಡು ಸೋರುತ್ತಿತ್ತು, ಮರಕ್ಕೆ ಒರಲೆ ಬಂದಿತ್ತು, ಪರದೇಶದಿಂದ ದುಡ್ಡು ಬಂದಿತ್ತು. ದುಡ್ಡು ಕೊಟ್ಟವರು ಯಾರೂ ಹಳೆಯದರ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಬೇಕಾದ ಜಾಗದಲ್ಲಿ ಕೂತಿದ್ದವನು ನಾನು.

ಇದು ಇಗರ್ಜಿಗಳ ಕತೆ ಮಾತ್ರ ಅಲ್ಲ. ಉಡುಪಿ ಕಡೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಬಣ್ಣದ ಮರದ ಹಳೆ ಮೂರ್ತಿಗಳನ್ನು ನೋಡಬೇಕಾದರೆ ಇವತ್ತು ದೆಹಲಿಯ ಕರಕುಶಲ ಮ್ಯೂಸಿಯಂಗೆ ಹೋಗಬೇಕು. ಅವಾದರೂ ಮ್ಯೂಸಿಯಂ ಸೇರಿದವು. ನಮ್ಮ ಆಲ್ತಾರ್ ಯಾವ ಬಂಗಲೆಯ ಹಾಲ್‌ನಲ್ಲಿ ಉಂಟೋ, ಯಾವ ಒಲೆಗೆ ಹೋಯಿತೋ.

ಹೀಗೇ ಆಗಬೇಕು ಅಂತ ಏನೂ ಇಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಿಂದ ಬಿಡಿಸಿದ ಚಿತ್ರಗಳು ಮಳೆಗಾಲದ ತೇವಕ್ಕೆ ಹಾಳಾಗುತ್ತಿದ್ದವು. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರನ್ನು ಕರೆಸಿ ಸರಿಪಡಿಸಿದರು. ಬಿಳಿ ಸುಣ್ಣ ಹೊಡೆದಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು, ನಿಜ. ಆದರೆ ಇವತ್ತು ಊರೂರಿನಿಂದ ಜನ ನೋಡಲು ಬರುವುದು ಯಾವುದನ್ನು? ನಾವು ದುಡಿಯುವ ಈ ದೋಹಾದಲ್ಲೂ ಸೂಕ್ ವಾಕಿಫ್‌ನಲ್ಲಿ ಹೊಸ ಕಾಂಕ್ರೀಟ್ ಕೆಡವಿ ಮಣ್ಣಿನ ಗಾರೆ, ಮರದ ತೊಲೆಗಳನ್ನು ವಾಪಸ್ ತಂದರು. ದುಡ್ಡಿಲ್ಲದ ದೇಶ ಅಲ್ಲ ಇದು. ಗ್ರಾನೈಟ್ ಹಾಕಲು ಗೊತ್ತಿಲ್ಲದೆ ಮಣ್ಣು ಮೆತ್ತಿದ್ದೂ ಅಲ್ಲ.

ಹಣ ಕಳಿಸುವ ಮೊದಲು

ಇಗರ್ಜಿ, ದೇವಸ್ಥಾನ, ದೈವಸ್ಥಾನ, ಮಸೀದಿ, ಬಸದಿ ಯಾವುದಕ್ಕೇ ಆಗಲಿ, ನಮ್ಮ ಬೆವರಿನ ದುಡ್ಡು ಹೋಗುವ ಮೊದಲು ಇಷ್ಟು ಕೇಳೋಣ:

1. ತೆಗೆಯುವ ಹಳೆಯ ಮರದ ಕೆಲಸದ ಫೋಟೋ ಎಲ್ಲ ಬದಿಯಿಂದ ತೆಗೆದಿದ್ದೀರಾ? ಅದು ಎಲ್ಲಿಗೆ ಹೋಗುತ್ತದೆ?

2. ರಿಪೇರಿ ಆಗುತ್ತದೋ ಇಲ್ಲವೋ ಎಂದು ಗೊತ್ತಿದ್ದವರಿಂದ ಕೇಳಿದ್ದೀರಾ? ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಕಾರ್ಕಳದ ಹತ್ತಿರ ಮಿಯಾರಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಮರ, ಕಲ್ಲಿನ ಕೆತ್ತನೆ ಕಲಿಸುತ್ತಾರೆ.

3. ಹಳೆ ಬಣ್ಣದ ಮೇಲೆ ಎನಾಮೆಲ್ ಬಳಿಯುತ್ತಿದ್ದೀರಾ? ಬೇಡ. ಅದು ಕೆತ್ತನೆಯ ಗೆರೆ ಮುಚ್ಚುತ್ತದೆ, ತೇವವನ್ನು ಒಳಗೇ ಹಿಡಿದಿಡುತ್ತದೆ. ಮನೆಯಲ್ಲಿರುವ ಹಳೆಯ ಮರದ ಮೂರ್ತಿಗೂ ನೀರು, ತೆಂಗಿನೆಣ್ಣೆ, ವಾರ್ನಿಷ್ ಯಾವುದೂ ಬೇಡ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ದೀಪ, ಕ್ಯಾಂಡಲ್ ಸ್ವಲ್ಪ ದೂರ ಇರಲಿ.

ಆ ಶುಕ್ರವಾರ ರಾತ್ರಿ ಊರಿನ ಸಮಿತಿಗೆ ಫೋನ್ ಮಾಡಿದೆ. ಮರ ಕೊಂಡವನ ಪತ್ತೆ ಇಲ್ಲ. ಆದರೆ ಒರಲೆ ತಿಂದಿದೆ ಎಂದು ಅವನು ಬಿಟ್ಟು ಹೋದ ಎರಡು ತುಂಡು ಅಟ್ಟದ ಮೇಲೆ ಉಂಟಂತೆ. ಫೋಟೋ ಕಳಿಸಿದರು. ರೆಕ್ಕೆ ಮುರಿದ ಇಬ್ಬರು ದೇವದೂತರು. ಒಬ್ಬನ ಕೆನ್ನೆಯಲ್ಲಿ ಬಣ್ಣ ಹಾಗೇ ಇದೆ.

ಆಚಾರ್ರು ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಬಲಗೈ ಅಪ್ಪ ಕೂರಿಸಿದ್ದು, ಜೋಡಣೆ ಇನ್ನೂ ಬಿಟ್ಟಿಲ್ಲ. ಮಾರ್ಚ್‌ನಲ್ಲಿ ಹೋದ ಕೂಡಲೆ ನೋಡ್ತೇನೆ. ದುಡ್ಡೆಲ್ಲ ಬೇಡ," ಅಂದರು.

ಅದಕ್ಕೆ ನಾನು ಒಪ್ಪಲಿಲ್ಲ. ಗ್ರಾನೈಟ್ ಹಾಕಿದವನಿಗೆ ಕೂಲಿ ಕೊಟ್ಟಿದ್ದೇವೆ, ಎಲ್‌ಇಡಿ ಹಾಕಿದವನಿಗೆ ಕೊಟ್ಟಿದ್ದೇವೆ. ಹೊಸ ಪುಟ ತೆರೆದಿದ್ದೇನೆ. ಮೊದಲ ಸಾಲು: 'ಮರದ ದೇವದೂತರು ಇಬ್ಬರು, ರಿಪೇರಿ ಮತ್ತು ಬಣ್ಣ. ಆಚಾರ್ರ ಕೂಲಿ'. ಮೊತ್ತದ ಕಾಲಂ ಖಾಲಿ ಇಟ್ಟಿದ್ದೇನೆ. ಅದನ್ನು ಅವರೇ ಹೇಳಬೇಕು. ಇಪ್ಪತ್ತೇಳು ಮಂದಿಯಲ್ಲಿ ಈಗಾಗಲೇ ಹನ್ನೊಂದು ಮಂದಿ ಹೂಂ ಅಂದಿದ್ದಾರೆ. ಉಳಿದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಶುಕ್ರವಾರ ಸಿಗೋಣ. ಹಳೆಯ ಆಲ್ತಾರ್ ಹಿಂದೆ ಕಾಣುವ ನಿಮ್ಮ ಮದುವೆ ಫೋಟೋ, ಮಕ್ಕಳ ಫೋಟೋ ಇದ್ದರೆ ಮರೆಯದೆ ತನ್ನಿ. ಆಚಾರ್ರಿಗೆ ಅಳತೆ ಬೇಕಂತೆ.