ಹೆಸರೊಳಗಿನ ಬೆಟ್ಟ, ಹೆಸರಾಚೆಯ ಹೊಳೆ

ಗೂಡಲೂರಿನಿಂದ ಉದಕಮಂಡಲಕ್ಕೆ ಘಟ್ಟ ಹತ್ತುವಾಗ ನಡುವಟ್ಟಂ ಸಿಗುತ್ತದೆ. ಒಂದು ಕಾಲಕ್ಕೆ ಸಿಂಕೋನಾ ತೋಟಗಳಿಗೂ ಸರ್ಕಾರಿ ಕ್ವಿನೈನ್ ಕಾರ್ಖಾನೆಗೂ ಹೆಸರಾಗಿದ್ದ ಈ ಊರಿನ ಸುತ್ತ ಈಗ ಚಹಾ ತೋಟಗಳಿವೆ. ತಮಿಳುನಾಡಿನ ಸರ್ಕಾರಿ ಕಾಗದಗಳಲ್ಲಿ ‘ವಟ್ಟಂ’ ಎಂದರೆ ತಾಲ್ಲೂಕು. ನಡುವಟ್ಟಂ ಮಾತ್ರ ತಾಲ್ಲೂಕಲ್ಲ, ಪಟ್ಟಣ ಪಂಚಾಯಿತಿ. ನಮ್ಮ ಅರಸೀಕೆರೆ, ತರೀಕೆರೆ, ಚಳ್ಳಕೆರೆಗಳೂ ಹೀಗೆಯೇ. ಕೆರೆ ಹೆಸರಿನಲ್ಲಿದೆ, ನಕ್ಷೆಯ ಚುಕ್ಕಿ ಪಟ್ಟಣದ್ದು. ಹೆಸರಿನ ಕೊನೆಯ ಪದ ನೋಡಿ ಜಾಗ ಎಂಥದ್ದೆಂದು ತೀರ್ಮಾನಿಸಲಾಗದು.

ಹಾಗಾದರೆ ಬೆಟ್ಟ, ಹೊಳೆ, ಕೆರೆ ಎಂಬ ಪದಗಳನ್ನು ನಕ್ಷೆಯಲ್ಲಿ ಬರೆಯಬೇಕೆ, ಬಿಡಬೇಕೆ? ಬಿಡಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ನೀರಿಗೆ ನೀಲಿ ಇದೆ, ಕಾಡಿಗೆ ಹಸಿರು, ಶಿಖರಕ್ಕೆ ತ್ರಿಕೋನ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಡಿಜಿಟಲ್ ನಕ್ಷೆಯಲ್ಲಂತೂ ಜಾಗದ ಬಗೆಯನ್ನು ಹೆಸರಿನಿಂದ ಬೇರೆಯಾಗಿಯೇ ದಾಖಲಿಸುತ್ತಾರೆ. ಒಮ್ಮೆ ಹೇಳಿದ್ದನ್ನು ಮತ್ತೆ ಬರೆಯುವುದೇಕೆ?

ಆದರೆ ಈ ನಿಯಮವನ್ನು 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಹಚ್ಚಿ ನೋಡಿ. ಬೆಟ್ಟವನ್ನು ತೆಗೆದರೆ ಉಳಿಯುವುದು ‘ದೊಡ್ಡ’. ಅದು ಯಾವ ಜಾಗದ ಹೆಸರೂ ಅಲ್ಲ. ಕಲ್ಹಟ್ಟಿಯಿಂದ ಹಟ್ಟಿಯನ್ನು ಕಿತ್ತರೆ ಬಡಗರ ಊರೇ ಅಳಿಸಿಹೋಗುತ್ತದೆ. ಇನ್ನೊಂದು ಕಡೆ, ಅರ್ಥ ತಿಳಿಯದವರು ತಮ್ಮ ಭಾಷೆಯ ಪದ ಅಂಟಿಸಿ ‘ದೊಡ್ಡಬೆಟ್ಟ ಪೀಕ್’, ‘ನೀಲಗಿರಿ ಹಿಲ್ಸ್’ ಎಂದು ಬರೆಯುತ್ತಾರೆ. ಹೊಳೆ ಎಂಬರ್ಥದ ತಮಿಳಿನ ‘ಆರು’ ಒಳಗೇ ಇರುವ ಮೋಯಾರ್ ಅನ್ನು ‘ಮೋಯಾರ್ ರಿವರ್’ ಮಾಡುತ್ತಾರೆ. ಬಡಗ, ತೋಡ, ಕೋತ, ಇರುಳ, ಕುರುಂಬ, ತಮಿಳು, ಮಲಯಾಳ, ಕನ್ನಡಗಳು ಕೂಡಿ ಬಾಳುವ ಈ ಮಲೆಯಲ್ಲಿ ಕತ್ತರಿಸುವುದೂ ಅಂಟಿಸುವುದೂ ಒಂದೇ ಅಸಡ್ಡೆಯ ಎರಡು ಮುಖ ಎಂದು ನನಗನ್ನಿಸುತ್ತದೆ.

ನಡುವಟ್ಟಂ ದಾಟಿ ಉದಕಮಂಡಲದ ಕಡೆ ಸಾಗಿದರೆ ಪೈಕಾರ. ಇಲ್ಲಿ ಪ್ರಶ್ನೆ ತಿರುವುಮುರುವು. ಪೈಕಾರ ಊರೂ ಹೌದು, ಹೊಳೆಯೂ ಹೌದು. ಜಲಪಾತ, ಜಲಾಶಯಗಳಿಗೂ ಅದೇ ಹೆಸರು. 1932ರಲ್ಲಿ ಶುರುವಾದ ಪೈಕಾರ ವಿದ್ಯುದಾಗಾರ ಇರುವುದು ಘಟ್ಟದ ಬುಡದ ಸಿಂಗಾರದಲ್ಲಿ! ಬರೀ ‘ಪೈಕಾರ’ ಎಂದು ಹುಡುಕಿ ಹೊರಟವರು ಘಟ್ಟದ ಮೇಲೆ ನಿಲ್ಲುತ್ತಾರೋ ಕೆಳಗೋ ಹೇಳಲಾಗದು. ಇಂಥಲ್ಲಿ ಜಲಪಾತ, ವಿದ್ಯುದಾಗಾರ ಎಂಬ ಪದಗಳು ಬೇಕೇ ಬೇಕು. ಊರವರೂ ಹಾಗೆ ಬಿಡಿಸಿಯೇ ಹೇಳುತ್ತಾರೆ.

ಆದ್ದರಿಂದ ನಕ್ಷೆಗಾರ ಮೊದಲು ಕೇಳಬೇಕಾದದ್ದು ಅಲ್ಲಿನ ಜನರನ್ನು. ಭೌಗೋಳಿಕ ನಾಮಗಳ ಬಗ್ಗೆ 1967ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಮೊದಲ ಸಮ್ಮೇಳನವೂ ಸ್ಥಳೀಯ ಬಳಕೆಯನ್ನು ವಿಚಾರಿಸಿ ಹೆಸರು ಸಂಗ್ರಹಿಸುವುದಕ್ಕೆ ಒತ್ತು ಕೊಟ್ಟಿತು. ಊರವರ ಬಾಯಲ್ಲಿ ಬೆಟ್ಟ ಹೆಸರಿನೊಳಗಿದ್ದರೆ ನಕ್ಷೆಯಲ್ಲೂ ಇರಲಿ. ಇಲ್ಲದಿದ್ದರೆ, ಗೊಂದಲ ತಪ್ಪಿಸಲು ನಾವು ಸೇರಿಸುವ ಪದ ನಕ್ಷೆಯ ಭಾಷೆಯದಾಗಿರಲಿ, ಕನ್ನಡ ನಕ್ಷೆಯಲ್ಲಿ ‘ಪೈಕಾರ ಹೊಳೆ’ ಎಂಬಂತೆ. ಆ ಹೊಳೆ ಕೆಳಗಿಳಿದು ಮೋಯಾರ್ ಎನಿಸಿಕೊಂಡು ಭವಾನಿಯ ಕಡೆ ಹರಿಯುತ್ತದೆ. ಹರಿವಿನ ಉದ್ದಕ್ಕೂ ಒಂದೇ ಹೆಸರು ಬರೆದರೆ ಸಾಲದು. ಮೇಲಿನವರ ಹೆಸರು ಮೇಲೆ, ಕೆಳಗಿನವರದು ಕೆಳಗೆ ಕಾಣಬೇಕು.